ಅಕ್ಕನ ಗೊರೊಗೊರೊ

ಮಂಚದ ಕೆಳಗೆ ಬೆಕ್ಕು ಗುರ್ ಗುರ್ ಅನ್ನುತ್ತಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ.

"ಈ ಸದ್ದಿಗೆ ಏನಂತಾರೆ?" ಸೌಂದರ್ಯ ಅಕ್ಕನ ಜಪಾನಿ ಪದಗಳ ಕಾರ್ಡು ಹಿಡಿದು ಕೇಳಿದಳು.

"ಗೊರೊಗೊರೊ," ಅಂದಳು ಅಕ್ಕ ನಾಗರತ್ನ, ಜಡೆ ಹೆಣೆದುಕೊಳ್ಳುತ್ತಾ.

"ಗುಡುಗಿಗೆ?"

"ಗೊರೊಗೊರೊ."

"ಹೊಟ್ಟೆ ಕೆಟ್ಟು ಒಳಗೆ ಸದ್ದು ಮಾಡಿದ್ರೆ?"

"ಅದಕ್ಕೂ ಗೊರೊಗೊರೊ. ಕಣ್ಣಾಗೆ ಕಸ ಬಿದ್ದು ಒತ್ತಿದ್ರೂ ಅದೇ."

"ಜಪಾನ್‌ನೋರಿಗೆ ಬೇರೆ ಪದ ಸಿಗಲಿಲ್ವಾ?"

ಅಕ್ಕ ನಕ್ಕಳು. "ಒಂದು ಬಿಟ್ಟೆ ನೋಡು. ಭಾನುವಾರ ನೀನು ಕೆಲ್ಸ ಇಲ್ದೆ ಚಾಪೆ ಮೇಲೆ ಆ ಕಡೆ ಈ ಕಡೆ ಹೊರಳ್ತಿರ್ತೀಯಲ್ಲ, ಅದೂ ಗೊರೊಗೊರೊ."

ಸೌಂದರ್ಯ ಕಾರ್ಡನ್ನು ತಿರುಗಿಸಿ ನೋಡಿದಳು. "ಎಲ್ಲದ್ರಾಗೂ ಏನೋ ಉರುಳ್ತೈತೆ ಅಲ್ವಾ ಅಕ್ಕ? ಮೋಡದಾಗೆ, ಹೊಟ್ಟೆಯಾಗೆ, ಬೆಕ್ಕಿನ ಗಂಟಲಾಗೆ. ಕಲ್ಲು ಉರುಳಿದಂಗೆ."

ಅಕ್ಕನ ಕೈ ಜಡೆಯಲ್ಲೇ ನಿಂತಿತು. "ನಮ್ಮ ಸರ್ ಇದನ್ನ ಆರು ತಿಂಗಳು ಹೇಳಿಕೊಟ್ರು. ಹಿಂಗೆ ಹೇಳಿದ್ರೆ ಒಂದೇ ದಿನಕ್ಕೆ ತಲೆಗೆ ಹೋಗ್ತಿತ್ತು."

ನಾಗರತ್ನ ನರ್ಸಿಂಗ್ ಓದಿದ್ದಳು. ಚಳ್ಳಕೆರೆಯಲ್ಲಿದ್ದ ಕೆಲಸ ಬಿಟ್ಟು, ಕೊಂಡ್ಲಹಳ್ಳಿಯ ಈ ಮನೆಯಲ್ಲಿ ಕೂತು ಫೋನಿನಲ್ಲೇ ಜಪಾನಿ ಕಲಿತಿದ್ದಳು. ನಾಳೆ ಬೆಂಗಳೂರಿನಲ್ಲಿ ಪರೀಕ್ಷೆ. ಪಾಸಾದರೆ ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಅಲ್ಲಿನ ಅಜ್ಜಿಯರು ನೋವನ್ನು ಇಂಥ ಮಾತುಗಳಲ್ಲೇ ಹೇಳುತ್ತಾರಂತೆ.

"ಒಂದೇ ಸಲ," ಎಂದು ಅಪ್ಪ ಮೊದಲೇ ಹೇಳಿದ್ದ. "ಆಗ್ಲಿಲ್ಲ ಅಂದ್ರೆ ಜಪಾನ್ ಸುದ್ದಿ ಎತ್ತಂಗಿಲ್ಲ."

ಅವ್ವ ಅಕ್ಕನ ಹಾಲ್‌ಟಿಕೆಟ್, ಪಾಸ್‌ಪೋರ್ಟ್ ಎಲ್ಲವನ್ನೂ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಆಮೇಲೆ ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಟ್ಟಳು. ಅಕ್ಕನ ಬಾಯಿಗೆ ಒಂದು ಚಮಚ ಮೊಸರು ಹಾಕಿದಳು. ಸೌಂದರ್ಯಳ ಕಡೆ ತಿರುಗಿ, "ಹೊರಟ ಮೇಲೆ ಹಿಂದಿಂದ ಕೂಗ್ಬ್ಯಾಡ, ತಿಳೀತಾ?" ಅಂದಳು.

ತಿಳಿಯದೇ ಏನು? ಹೋದ ವರ್ಷ ಅಪ್ಪ ಶೇಂಗಾ ಮಾರಲು ಹೊರಟಾಗ ಅವಳು ಓಡಿ ಬಂದು, "ಅಪ್ಪಾ, ಚಾಕ್ಲೇಟ್!" ಅಂತ ಹಿಂದಿನಿಂದ ಕೂಗಿದ್ದಳು. ಅವತ್ತೇ ಅಪ್ಪನ ಬೈಕು ಜಾರಿ ಕೈ ಮುರಿದಿತ್ತು. ಎರಡು ತಿಂಗಳು ಬ್ಯಾಂಡೇಜು. ಬೀದಿಯವರೆಲ್ಲ ಬಂದು ನೋಡುವಾಗ ಅವ್ವ, "ಇವ್ಳೇ ಕೂಗಿದ್ದು," ಅನ್ನುತ್ತಿದ್ದಳು.

"ಬರ್ತೀನಿ," ಅಂದಳು ಅಕ್ಕ. ಅಪ್ಪ ಬೈಕ್ ಸ್ಟಾರ್ಟ್ ಮಾಡಿದ. ಚಳ್ಳಕೆರೆಯಲ್ಲಿ ರಾತ್ರಿ ಒಂದು ಗಂಟೆಗೆ ಬಸ್ಸು. ಅವ್ವ ಬಾಗಿಲಾಚೆ, ಬೀದಿಗೆ ಮುಖ ಮಾಡಿ ನಿಂತಳು.

ಸೌಂದರ್ಯ ಒಳಗಿದ್ದಳು. ದೇವರ ಮುಂದಿನ ಕನಕಾಂಬರದ ಕೆಳಗೆ ನೀಲಿ ಬಣ್ಣದ ಮೂಲೆಯೊಂದು ಕಂಡಿತು. ಹೂ ಸರಿಸಿದಳು. ಪಾಸ್‌ಪೋರ್ಟು!

ಎತ್ತಿಕೊಂಡು ಬಾಗಿಲಿಗೆ ಓಡಿದಳು. ಬೈಕು ಇನ್ನೂ ಬೀದಿಯಲ್ಲೇ ಇತ್ತು. ಅಕ್ಕನ ಬೆನ್ನು, ಬೆನ್ನ ಮೇಲಿನ ಬ್ಯಾಗು ಕಾಣುತ್ತಿದ್ದವು. "ಅಕ್ಕಾ" ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಅಪ್ಪನ ಬ್ಯಾಂಡೇಜು ನೆನಪಾಯಿತು.

ಹಿಂದಿನಿಂದ ತಾನೇ ಕೂಗಬಾರದು? ಮುಂದೆ ಹೋಗಿ ನಿಂತರೆ?

ಅವಳು ಹಿತ್ತಿಲ ಬಾಗಿಲಿನಿಂದ ಹೊರಬಿದ್ದಳು. ದನದ ಕೊಟ್ಟಿಗೆ ದಾಟಿ, ಸಂದಿಯಲ್ಲಿ ಬರಿಗಾಲಲ್ಲಿ ಓಡಿ, ಬೈಕು ಸುತ್ತಿ ಬರಬೇಕಿದ್ದ ದೊಡ್ಡ ರಸ್ತೆಗೆ ಬಂದಳು. ದೂರದಲ್ಲಿ ಒಂದು ಕೆಂಪು ದೀಪ ಸಣ್ಣಗಾಗುತ್ತಾ ಹೋಯಿತು.

ಅವ್ವನಿಗೆ ಹೇಳಿ ಫೋನ್ ಮಾಡಿಸಬಹುದಿತ್ತು. ಆದರೆ ಫೋನ್ ಮಾಡಿದರೂ ಹಿಂದಿನಿಂದ ಕೂಗಿದ ಹಾಗೆಯೇ ಅಲ್ಲವೇ? ಕತ್ತಲಲ್ಲಿ ಬೈಕ್ ಓಡಿಸುತ್ತಿರುವವನು ಅಪ್ಪ. ಅಕ್ಕ ಮೂರು ಜೆರಾಕ್ಸ್ ಇಟ್ಟುಕೊಂಡಿದ್ದಾಳೆ, ಅಷ್ಟು ಸಾಕು ಎಂದುಕೊಂಡಳು. ಪಾಸ್‌ಪೋರ್ಟನ್ನು ಮತ್ತೆ ಹೂವಿನ ಕೆಳಗೆ ಇಟ್ಟು ಮಲಗಿದಳು. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. ಅವ್ವ ಕೊಟ್ಟಿಗೆಯಲ್ಲಿದ್ದಳು.

"ಸೌಂದೂ, ದೇವರ ಹತ್ರ ನೋಡೇ. ಪಾಸ್‌ಪೋರ್ಟ್ ಐತಾ?"

"ಐತೆ, ಹೂವಿನ ಕೆಳಗೆ. ಜೆರಾಕ್ಸ್ ನಡೆಯಲ್ವಾ?"

"ಇಲ್ಲ. ಒರಿಜಿನಲ್ ಇಲ್ದೆ ಒಳಗೆ ಬಿಡಲ್ಲಂತೆ." ಅಕ್ಕನ ಹಿಂದೆ ಬಸ್ಸುಗಳ ಹಾರನ್ನು. ಆಮೇಲೆ ಮೆತ್ತಗೆ, "ಎತ್ತಿ ನನ್ನ ಬಟ್ಟೆ ಮೇಲೆ ಇಡು. ನಾನೇ ಕವರಿಂದ ತೆಗ್ದು ಅಲ್ಲಿ ಮರೆತೆ ಅಂತೀನಿ. ಹೂವಿನ ಕೆಳಗಿತ್ತು ಅಂತ ಅವ್ವಂಗೆ ಹೇಳ್ಬ್ಯಾಡ. ಅವ್ವ ತಡ್ಕಳಲ್ಲ," ಅಂದಳು.

ಸೌಂದರ್ಯ ಹಾಗೆಯೇ ಮಾಡಿದಳು.

ಅಕ್ಕ ವಾಪಸ್ ಬಂದಳು. ಮೂರು ದಿನ ಚಾಪೆ ಬಿಟ್ಟು ಏಳಲಿಲ್ಲ. ಇದೂ ಗೊರೊಗೊರೊ ಇರಬಹುದೇ ಎಂದು ಸೌಂದರ್ಯ ನೋಡಿದಳು. ಅಲ್ಲ. ಅಕ್ಕ ಹೊರಳುತ್ತಲೇ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಹಾಗೆಯೇ ಇದ್ದಳು. ಇದಕ್ಕೆ ಯಾವ ಕಾರ್ಡಿನಲ್ಲೂ ಪದವಿರಲಿಲ್ಲ.

"ಒಂದು ಪಾಸ್‌ಪೋರ್ಟ್ ಜೋಪಾನ ಮಾಡಕ್ಕಾಗ್ದೋಳು ಜಪಾನ್‌ನಾಗೆ ರೋಗಿಗಳನ್ನ ಜೋಪಾನ ಮಾಡ್ತಾಳಂತೆ," ಅಂದ ಅಪ್ಪ, ಊಟಕ್ಕೆ ಕೂತು.

"ನಾನು ಎಲ್ಲಾ ನೆಟ್ಟಗೆ ಕವರಿಗೆ ಹಾಕಿ ಕೊಟ್ಟಿದ್ದೆ," ಅಂದಳು ಅವ್ವ, ರೊಟ್ಟಿ ತಟ್ಟುತ್ತಾ. "ಅದನ್ಯಾಕೆ ತೆಗ್ದು ಹೊರಗಿಟ್ಲೋ."

ಅಕ್ಕ ಎಚ್ಚರವಾಗಿಯೇ ಇದ್ದಳು.

"ನಾನು ನೋಡಿದ್ದೆ" ಎಂಬ ಮಾತು ಸೌಂದರ್ಯಳ ಬಾಯಿವರೆಗೂ ಬಂತು. ಹೇಳಿದರೆ ಅವ್ವ, "ಎಲ್ಲಿ ನೋಡಿದ್ದೆ?" ಅನ್ನುತ್ತಾಳೆ. ಅದಕ್ಕಿದ್ದ ಉತ್ತರ ಒಂದೇ. ಅಕ್ಕ ಬೈಸಿಕೊಂಡಿದ್ದೆಲ್ಲ ದಂಡವಾಗುತ್ತದೆ.

ಅಕ್ಕನಿಗೆ ಮಾತ್ರ ಹೇಳಿದರೆ? ಆಗ ಪಾಸ್‌ಪೋರ್ಟು ಒಂದು ಕೂಗಿನಷ್ಟೇ ದೂರದಲ್ಲಿತ್ತು ಎಂದು ಅಕ್ಕನಿಗೆ ಗೊತ್ತಾಗುತ್ತದೆ. ಗೋಡೆಯ ಕಡೆಗಿದ್ದ ಆ ಬೆನ್ನನ್ನು ಸೌಂದರ್ಯ ನೋಡಿದಳು.

"ಏನೇ, ಏನೋ ಹೇಳಕ್ಕೆ ಬಂದೆ?" ಅವ್ವ ಕೇಳಿದಳು.

"ಏನಿಲ್ಲವ್ವ."

ಯಾರಿಗೂ ಹೇಳುವುದಿಲ್ಲ, ಯಾವತ್ತೂ, ಎಂದುಕೊಂಡು ಅವಳು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದಳು.