ಐದು ಸಾಲಿನ ಹಸಿರು ನರ

ಹಸಿರು ನರ ಮೊದಲು ಕಂಡದ್ದು ನನ್ನ ಕಣ್ಣಿಗೇ. ಕಾಣದೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಆ ಕ್ಷಣಕ್ಕೆ ಅನ್ನಿಸಿತು.

ಕೆಂಗೇರಿಯಾಚೆ, ಅಪಾರ್ಟ್‌ಮೆಂಟೊಂದರ ಕಾಂಪೌಂಡಿಗೆ ತಾಗಿಕೊಂಡು, ನಮ್ಮ ಬೀಜದ ಕಂಪನಿಯ ಒಂದೂವರೆ ಎಕರೆ ಹೊಲವಿದೆ. ಅದರ ತುಂಬ ಮೇವಿನ ಮುಸುಕಿನ ಜೋಳ; ಒಂದು ಮಡಿಯಲ್ಲಿ ನಮ್ಮ ಹೊಸ ತಳಿ, ಮಿಕ್ಕ ಮಡಿಗಳಲ್ಲಿ ಮಾಮೂಲಿ. ಫೆಬ್ರವರಿಯ ಆ ಸೋಮವಾರ, ಹೊಸ ತಳಿಯ ಆರೆಲೆ ಬಿಟ್ಟ ಗಿಡಗಳ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದೆ. ಎಲ್ಲ ಎಲೆಗಳ ಬೆನ್ನಲ್ಲೂ ನಡುನರ ಕಂದು ಬಣ್ಣದ್ದಿರಬೇಕು. ಮೊದಲ ಸಾಲಿನ ಮೂರನೇ ಗಿಡ—ಹಸಿರು! ಐದನೆಯದು—ಅದೂ ಹಸಿರು!

"ಸಾರ್..." ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಕರೆಯಬೇಕಾಯಿತು.

ಮಾಲೀಕರಾದ ಮಹದೇವ್ ಸಾರ್ ಓಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಎಣಿಕೆ ಮುಗಿಯಿತು. ನಲವತ್ತು ಸಾಲುಗಳಲ್ಲಿ ಮೂವತ್ತೈದು ಅಪ್ಪಟ ಕಂದು. ಉಳಿದ ಐದರಲ್ಲಿ ಮಾತ್ರ, ಇಪ್ಪತ್ತು ಗಿಡಕ್ಕೆ ಆರೋ ಏಳೋ ಹಸಿರು.

ಆ ಕಂದು ನರ ಸಾರ್ ಅವರ ಎಂಟು ವರ್ಷದ ದುಡಿಮೆ. ಅದಿರುವ ಜೋಳದ ದಂಟಿನಲ್ಲಿ ಲಿಗ್ನಿನ್, ಅಂದರೆ ದಂಟನ್ನು ಕಟ್ಟಿಗೆಯಂತೆ ಬಿರುಸು ಮಾಡುವ ವಸ್ತು, ಕಡಿಮೆ. ಹಸುವಿಗೆ ಸಲೀಸಾಗಿ ಅರಗುತ್ತದೆ. ಅಷ್ಟೇ ಮೇವಿಗೆ ಹಾಲು ಹೆಚ್ಚು. ಆದರೆ ಈ ಗುಣಕ್ಕೆ ಬಹಳ ಸಂಕೋಚ. ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಎಲೆಯಲ್ಲಿ ತೋರಿಸಿಕೊಳ್ಳುತ್ತದೆ. ಒಬ್ಬರಿಂದ ಮಾಮೂಲಿ ಜೀನ್ ಬಂದರೂ ನರ ಹಸಿರು. ಗುಣ ಒಳಗೇ ಅಡಗಿ ಕೂರುತ್ತದೆ.

"ಯಾರೋ ಬೇಕಂತಲೇ ಬೀಜ ಬೆರೆಸಿದಾರೆ," ಸಾರ್ ಮುಖ ಕೆಂಪಾಗಿತ್ತು. "ಪ್ಯಾಕೆಟ್ ತುಂಬಿ ನಂಬರ್ ಬರೆದಿದ್ದು ಯಾರು?"

"ನಾನು ಸಾರ್," ಎಂದೆ.

"ಸ್ಟೋರ್ ಕೀ?"

"ನನ್ ಹತ್ರಾನೇ ಇತ್ತು," ಎಂದ ಟೆಕ್ನಿಷಿಯನ್ ಸುಘೋಷ್. "ಆದ್ರೆ ಸಾರ್, ಬೇರೆ ಕಂಪನಿ ಇಂಟರ್‌ವ್ಯೂಗೆ ಹೋಗಿದ್ದೆ ಅಂತ ನನ್ನನ್ನ ಕಳ್ಳ ಅನ್ಕೋಬೇಡಿ."

"ಇಂಟರ್‌ವ್ಯೂಗೆ ಹೋಗಿದ್ಯಾ? ಈಗ ಗೊತ್ತಾಯ್ತಲ್ಲ!"

ಸುಘೋಷ್ ನಾಲಿಗೆ ಕಚ್ಚಿಕೊಂಡ. ನೀರು ಹಾಯಿಸುತ್ತಿದ್ದ ಗುರವ್ವ ಸಲಿಕೆ ಊರಿ ನಿಂತು ಲಟಿಕೆ ಮುರಿದಳು. ಯಾದಗಿರಿ ಕಡೆಯಿಂದ ಬಂದು ಎರಡು ವರ್ಷದಿಂದ ನಮ್ಮಲ್ಲಿ ಹೊಲದ ಕೆಲಸಕ್ಕಿದ್ದಾಳೆ. "ಯಾರ್ ಮಾಡ್ಯಾರೋ ಅವರ ಕೈಗೆ ಹುಳ ಬೀಳ್ಲಿ!"

"ಶುಕ್ರವಾರದೊಳಗೆ ಯಾರು ಅಂತ ಗೊತ್ತಾಗ್ಬೇಕು," ಎಂದರು ಸಾರ್. "ಇಲ್ಲಾಂದ್ರೆ ಸಂಘಮಿತ್ರಾ, ಸುಘೋಷ್—ಇಬ್ರೂ ಬೇರೆ ಕೆಲಸ ನೋಡ್ಕೊಳ್ಳಿ."

ಅಂದು ರಾತ್ರಿ ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಅಮ್ಮನಿಗೆ ವಿಷಯ ಮುಚ್ಚಿಟ್ಟೆ. ಡೈರಿಯಲ್ಲಿ ಒಂದೇ ಸಾಲು ಬರೆದೆ: ನಾನು ಬೆರೆಸಿಲ್ಲ. ಬರೆದ ಮೇಲೆ ಅನುಮಾನ ಹುಟ್ಟಿತು—ಬೆರೆಸಿಲ್ಲ ತಾನೇ?

ಬುಧವಾರ ಕಮಲಾಕ್ಷಮ್ಮ ಮೇಡಂ ಬಂದರು. ಮೂವತ್ತು ವರ್ಷ ಬೀಜ ಪರೀಕ್ಷೆ ಮಾಡಿ ನಿವೃತ್ತರಾದವರು. ಬೀಜದ ತಗಾದೆಗಳಿಗೆ ಈಗಲೂ ಅವರನ್ನೇ ಕರೆಸುತ್ತಾರೆ. ವಿಜಯನಗರದಿಂದ ಮೆಟ್ರೋದಲ್ಲಿ ಬಂದು, ಸ್ಟೇಷನ್ನಿನಿಂದ ಕೊಡೆ ಊರಿಕೊಂಡು ನಡೆದೇ ಬಂದಿದ್ದರು.

ಅವರು ಹೊಲಕ್ಕೆ ಹೋಗಲಿಲ್ಲ. ನನ್ನೆದುರು ಸ್ಟೂಲ್ ಎಳೆದುಕೊಂಡು ಕೂತರು.

"ಕೆಟ್ಟಿರೋ ಐದು ಸಾಲಿನ ಪ್ಯಾಕೆಟ್ ನಂಬರ್ ಹೇಳು ಮಗೂ."

"ಒಂದು-ಒಂದು, ಎರಡು-ಒಂದು, ಮೂರು-ಒಂದು, ನಾಲ್ಕು-ಒಂದು, ಐದು-ಒಂದು."

"ಅಂದ್ರೆ?"

"ಮೊದಲನೇ ಅಂಕಿ, ಹೋದ ಬೆಳೆಯಲ್ಲಿ ಗಿಡ ಇದ್ದ ಸಾಲು. ಎರಡನೇದು, ಕಾಲುದಾರಿ ಕಡೆಯಿಂದ ಎಣಿಸಿದ್ರೆ ಆ ಸಾಲಿನಲ್ಲಿ ಎಷ್ಟನೇ ಗಿಡ ಅಂತ. ಒಟ್ಟು ಐದು ಸಾಲು, ಸಾಲಿಗೆ ಎಂಟು ಗಿಡ. ಒಂದು ಗಿಡದ ತೆನೆ ಒಂದು ಪ್ಯಾಕೆಟ್. ಆ ಪ್ಯಾಕೆಟ್ಟೇ ಈ ಸಲ ಒಂದು ಸಾಲು."

"ಸ್ಟೋರಿನ ಡಬ್ಬಿಯಲ್ಲಿ ಪ್ಯಾಕೆಟ್ ಹೇಗೆ ಜೋಡಿಸಿದ್ದೆ?"

"ಒಂದನೇ ಸಾಲಿನ ಎಂಟೂ ಒಟ್ಟಿಗೆ, ಆಮೇಲೆ ಎರಡನೇ ಸಾಲಿನ ಎಂಟು... ಹಾಗೆ."

"ಹೂಂ." ಅವರ ಕಣ್ಣು ಸಣ್ಣದಾಯಿತು. "ಹೋದ ಸಲದ ಕವರ್‌ಗಳು ಇದಾವಾ?"

ಸುಘೋಷ್‌ಗೆ ನಗು ಬಂತು. "ಆ ಕಸ ಯಾಕೆ ಮೇಡಂ?"

"ಕಸ ನೋಡಿಯೇ ಸಂಬಳ ತಗೊಂಡವಳು ಕಣಯ್ಯ ನಾನು."

ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು ಹೊರಡುವ ಮುಂಚೆಯೇ ಅದಕ್ಕೆ ಬಟರ್ ಪೇಪರ್ ಕವರ್ ಹಾಕಿ ಪಿನ್ ಹೊಡೆಯುತ್ತೇವೆ. ಅದೇ ಗಿಡದ ಪರಾಗವನ್ನು ಕೂದಲ ಮೇಲೆ ಉದುರಿಸುವ ದಿನವೇ ಅದನ್ನು ಬಿಚ್ಚಿ, ಬೇರೆ ದೊಡ್ಡ ಕವರ್ ಹಾಕುವುದು. ಬಿಚ್ಚಿದವನ್ನು ನಾನು ಎಸೆಯದೆ ಚೀಲಕ್ಕೆ ತುಂಬಿಟ್ಟಿದ್ದೆ.

ಮೇಡಂ ನಲವತ್ತೂ ಕವರ್‌ಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಬೆಳಕಿಗೆ ಹಿಡಿದರು. ಒಂದನ್ನು ಮೂಸಿಯೂ ನೋಡಿದರು.

"ಈ ಐದು ಗಿಡಕ್ಕೆ ಪರಾಗ ಹಾಕಿದ್ದು ಯಾವತ್ತು?"

"ಅಕ್ಟೋಬರ್ ಏಳು. ಹನ್ನೊಂದು ಗಂಟೆಗೆ."

"ಅವತ್ತು ಬೆಳಿಗ್ಗೆ ಎಲ್ರಿಗಿಂತ ಮೊದಲು ಹೊಲಕ್ಕೆ ಬಂದಿದ್ದು ಯಾರು?"

"ದಿನಾ ಗುರವ್ವನೇ ಮೊದಲು."

ಮೇಡಂ ಗೋಡೆಯ ಮೇಲಿದ್ದ ಹೋದ ವರ್ಷದ ಕ್ಯಾಲೆಂಡರಿನ ಹಾಳೆ ತಿರುವಿದರು. ನಕ್ಕರು. "ಎಲ್ರನ್ನೂ ಕರಿ."

ಹೊಂಗೆ ಮರದ ಕೆಳಗೆ ಎಲ್ಲರೂ ಸೇರಿದೆವು.

"ಮಹದೇವ್, ನೀವೆಲ್ಲ ಪ್ಯಾಕೆಟ್ ಹಿಡ್ಕೊಂಡು ಕೂತ್ರಿ," ಮೇಡಂ ಶುರುಮಾಡಿದರು. "ಡಬ್ಬಿಗೆ ಕೈ ಹಾಕಿ ಬೆರೆಸೋನು ಅಕ್ಕಪಕ್ಕದ ಐದು ಪ್ಯಾಕೆಟ್ ತೆಗೀತಾನೆ. ಇಲ್ಲಿ ಕೆಟ್ಟಿರೋದು ಒಂದನೇದು, ಒಂಬತ್ತನೇದು, ಹದಿನೇಳನೇದು... ಡಬ್ಬಿಯಲ್ಲಿ ದೂರ ದೂರ. ಆದ್ರೆ ಹೊಲದಲ್ಲಿ? ಐದೂ ಸಾಲಿನ ಮೊದಲನೇ ಗಿಡ! ಕಾಲುದಾರಿ ಪಕ್ಕ ಒಂದರ ಮಗ್ಗುಲಲ್ಲಿ ಒಂದು. ಅಂದ್ಮೇಲೆ ಎಡವಟ್ಟು ಸ್ಟೋರಲ್ಲಿ ಆಗಿಲ್ಲ. ಹೊಲದಲ್ಲಿ ಆಗಿದೆ."

ಆ ನಂಬರುಗಳನ್ನು ಬರೆದವಳು ನಾನು. ಅವು ಹೊಲದಲ್ಲಿ ಎಲ್ಲಿ ನಿಂತಿದ್ದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಮಿಕ್ಕ ಕವರ್‌ಗಳಲ್ಲಿ ಪಿನ್ನಿನ ತೂತು ಎರಡೆರಡು. ಈ ಐದರಲ್ಲಿ ನಾಲ್ಕು ನಾಲ್ಕು. ಯಾರೋ ಬಿಚ್ಚಿ ಮತ್ತೆ ಹೊಡೆದಿದಾರೆ. ಇದರ ಅಂಚಲ್ಲಿ ಕೆಂಪಗಿರೋದು ತುಕ್ಕಲ್ಲ—ಕುಂಕುಮ. ಅಕ್ಟೋಬರ್ ಏಳು ಶೀಗಿ ಹುಣ್ಣಿಮೆ. ಗುರವ್ವ, ಅವತ್ತು ಇಲ್ಲೇ ಪೂಜೆ ಮಾಡಿದ್ರಾ?"

"ಹೌದ್ರೀ ಅವ್ವಾರ!" ಗುರವ್ವನ ಮುಖ ಅರಳಿತು. "ಮತ್ತೆಲ್ಲಿ ಮಾಡ್ಲಿ? ನಮ್ಮೂರಾಗ ಅವತ್ತು ಬೆಳಿ ಬಸುರಿ ಇರ್ತದಂತ ಉಡಿ ತುಂಬ್ತೀವಿ. ದಾರಿ ಮಗ್ಗಲದ ಐದು ಗಿಡಕ್ಕ ಅರಿಶಿಣ ಕುಂಕುಮ ಹಚ್ಚಿ, ಕಡುಬು ಇಟ್ಟು..."

"ಕವರ್?"

"ಮುಖ ಮುಚ್ಕೊಂಡ ಬಸುರಿಗೆ ಆರತಿ ಹ್ಯಾಂಗ ಮಾಡ್ಲಿ? ತಗದು, ಆರತಿ ಮಾಡಿ, ಸುಘೋಷಣ್ಣನ ಪಿನ್ನಿನ ಮಷಿನ್ನಿಲೆ ಮತ್ತ ಹಂಗ ಹೊಡದೀನ್ರೀ. ನೀಟಾಗಿ!"

"ಕವರ್ ತೆಗೆದಿದ್ದ ಆ ಹೊತ್ತಲ್ಲಿ ಪಕ್ಕದ ಮಡಿಯ ಮಾಮೂಲಿ ಜೋಳದ ಪರಾಗ ಗಾಳೀಲಿ ಬಂದು ಕೂತಿದೆ," ಎಂದರು ಮೇಡಂ. "ಅದಕ್ಕೇ ತೆನೇಲಿ ಕೆಲವು ಕಾಳಿಗೆ ಅಪ್ಪ ಹೊರಗಿನವನು."

"ಎಂಟು ವರ್ಷದ ಕೆಲಸ ಮೇಡಂ!" ಸಾರ್ ತಲೆ ಹಿಡಿದುಕೊಂಡರು.

"ಏನು ಹಾಳಾಗಿದೆ ಈಗ? ಕಂದು ನರ ಕಾಣ್ತಿದೆ ಅಂದ್ರೆ ಆ ಗಿಡದ ಅಪ್ಪ ಅಮ್ಮ ಇಬ್ರೂ ಮನೆಯವರೇ. ಹಸಿರು ನರದವನ್ನ ಹೂ ಬಿಡೋ ಮುಂಚೆ ಕಿತ್ಹಾಕಿ, ಮುಗೀತು. ಅದಿರ್ಲಿ, ಕವರ್ ಯಾಕೆ ಹಾಕ್ತೀವಿ ಅಂತ ಗುರವ್ವಂಗೆ ಯಾರಾದ್ರೂ ಹೇಳಿದ್ರಾ?"

ಸಾರ್ ಸುಘೋಷ್ ಕಡೆ ನೋಡಿದರು, ಸುಘೋಷ್ ನನ್ನ ಕಡೆ. ಎರಡು ವರ್ಷ ಅವಳ ಪಕ್ಕದಲ್ಲೇ ಕವರ್ ಹಾಕಿದವಳು ನಾನು. ಮಾತು ಶುರುಮಾಡಲು ನಾಚಿಕೆಯೆಂದು ಸುಮ್ಮನೆ ಕೆಲಸ ಮಾಡಿದ್ದೆ.

"ನಾನು ಹೇಳ್ಬೇಕಿತ್ತು ಸಾರ್," ಎಂದೆ. ಈ ಸಲ ಒಂದೇ ಸಲಕ್ಕೆ ಎಲ್ಲರಿಗೂ ಕೇಳಿಸಿತು.

ಗುರವ್ವನನ್ನು ಬದುವಿನ ಮೇಲೆ ಕೂರಿಸಿಕೊಂಡು ಹೇಳಿದೆ. ಗಿಡದ ತುದಿಯಲ್ಲಿರೋದು ಗಂಡು ಹೂ. ತೆನೆಯ ಒಂದೊಂದು ಕೂದಲ ಬುಡದಲ್ಲೂ ಒಂದೊಂದು ಕಾಳಿನ ಜಾಗ. ಮೇಲಿನ ಪುಡಿ ಕೂದಲಿಗೆ ಬೀಳೋ ತನಕ ಕಾಳಿಲ್ಲ. ಅವಳು ಕೇಳುತ್ತಾ ಕೇಳುತ್ತಾ ಬಾಯಿಗೆ ಸೆರಗು ಹಿಡಿದಳು.

"ಅಂದ್ರ ಅಕ್ಕಾರ, ನಾ ಆರತಿ ಮಾಡೂ ಹೊತ್ತಿಗೆ ಅವು ಇನ್ನೂ ಬಸುರ ಆಗಿರಲಿಲ್ಲೇನ್ರೀ?"

"ಇಲ್ಲ ಗುರವ್ವ."

"ಅಯ್ಯ ಶಿವನ! ಬಸುರಾಗೂಕಿಂತ ಮೊದ್ಲ ಉಡಿ ತುಂಬಿದ್ನೇನ!"

ಮೊದಲು ನಕ್ಕವರು ಮಹದೇವ್ ಸಾರ್. ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. "ಶುಕ್ರವಾರ ಯಾರೂ ಎಲ್ಲಿಗೂ ಹೋಗ್ಬೇಡಿ," ಎಂದರು ಸಾರ್ ಕಣ್ಣೊರೆಸಿಕೊಳ್ಳುತ್ತಾ. "ಹಸಿರು ಕೀಳೋ ಕೆಲಸ ಇದೆ. ಸುಘೋಷ್, ನೀನೂ."

"ಅಕ್ಕಾರ, ಇವು ಖರೇ ಬಸುರಾಗೂ ತಾರೀಖ ನನಗ ಮೊದ್ಲ ಹೇಳ್ರಿ," ಎಂದಳು ಗುರವ್ವ.

ನಾನು ಹೊಲದ ಪುಸ್ತಕ ತೆಗೆದು, ಪರಾಗ ಹಾಕುವ ದಿನಗಳ ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆದೆ. ಮೇಲೆ ಬರೆದೆ: ಉಡಿ ತುಂಬುವುದು—ಮೂರು ವಾರದ ನಂತರ, ಗುರವ್ವ.