ಉಲ್ಕೆಯ ಏಳು ಚೂರು

೧೯೮೪ರ ಮಾರ್ಚ್ ೧೨, ಸೋಮವಾರ. ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಲ್ಕತ್ತದ ಬಾಲಿಗಂಜಿನ ಠಾಣೆಗೆ ಒಂದು ದೂರು ಬಂತು. ತಂದವಳು ಎರಡು ಬೀದಿ ಆಚೆಯ ಸಂಶೋಧನಾಲಯದ ಡಾ. ಕೃಷ್ಣವೇಣಿ. ಓದಿದ ರೈಟರ್‌ಗೆ ತಲೆಬುಡ ತಿಳಿಯಲಿಲ್ಲ. ಅವಳನ್ನು ಇನ್ಸ್‌ಪೆಕ್ಟರ್ ಜಯಕರನ ಕೋಣೆಗೆ ಸಾಗಹಾಕಿದ.

ಜಯಕರನ ತಂದೆ ಬ್ಯಾಂಕಿನ ಕೆಲಸಕ್ಕೆಂದು ಕುಂದಾಪುರದಿಂದ ಕಲ್ಕತ್ತಕ್ಕೆ ಬಂದವರು. ಅವನು ಹುಟ್ಟಿದ್ದು, ಓದಿದ್ದು, ಪೊಲೀಸಾದದ್ದು ಎಲ್ಲ ಇಲ್ಲೇ. ದೂರಿನ ಕೆಳಗಿನ ಸಹಿ ಕನ್ನಡದಲ್ಲಿದ್ದುದನ್ನು ಕಂಡು ಕನ್ನಡದಲ್ಲೇ ಕೇಳಿದ.

"ಎಂತ ಕಳವಾಯ್ತು?"

"ಏನೂ ಕಳವಾಗಿಲ್ಲ ಸಾರ್. ಏಳು ಚೂರು ಕಲ್ಲಿತ್ತು, ಏಳೂ ಇವೆ. ಒಳಗಿದ್ದದ್ದನ್ನ ಯಾರೋ ಅಳಿಸಿಹಾಕಿದಾರೆ."

"ಕಲ್ಲಿನ ಒಳಗೆ ಎಂತ ಇತ್ತು?"

ಅವಳು ವಿವರಿಸಿದಳು. ಅದು ಆಕಾಶದಿಂದ ಬಿದ್ದ ಉಲ್ಕೆ. ವಯಸ್ಸು ಸುಮಾರು ನಾನೂರೈವತ್ತು ಕೋಟಿ ವರ್ಷ. ಅಂಥ ಕಲ್ಲು ಹುಟ್ಟಿ ತಣ್ಣಗಾಗುವಾಗ ಸುತ್ತ ಕಾಂತಕ್ಷೇತ್ರವಿದ್ದರೆ ಅದರ ಗುರುತು ಒಳಗಿನ ಕಬ್ಬಿಣದ ಕಣಗಳಲ್ಲಿ ಉಳಿದುಬಿಡುತ್ತದೆ. ಅದನ್ನು ಅಳೆಯುವುದೇ ಅವಳ ಕೆಲಸ. ಬಲವಾದ ಆಯಸ್ಕಾಂತ ಹತ್ತಿರ ಬಂದರೆ ಹಳೆಯ ಗುರುತು ಹೋಗಿ ಹೊಸದು ಕೂರುತ್ತದೆ.

"ಇವತ್ತು ಹೊರಗಿನ ಪರೀಕ್ಷಕರ ಮುಂದೆ ಅಳೆದು ತೋರಿಸಬೇಕಿತ್ತು. ಏಳೂ ಹಾಳಾಗಿವೆ. ನನ್ನ ಅಜಾಗರೂಕತೆಯಿಂದ ಆಯ್ತು ಅಂತ ನಾಳೆ ಸಂಜೆಯೊಳಗೆ ಬರ್ಕೊಡು ಅಂತಿದಾರೆ ಅವರು. ಬರ್ಕೊಟ್ರೆ ಕೆಲಸ ಹೋಗತ್ತೆ. ನಾಲ್ಕು ವರ್ಷ ಅಳೆದದ್ದೆಲ್ಲ ಸುಳ್ಳು ಅಂತಾಗತ್ತೆ."

"ಕಲ್ಲು ಎಲ್ಲಿ ಇಟ್ಟಿದ್ದು? ಬೀಗ ಇತ್ತಾ?"

"ಬೀರುವಿನಲ್ಲಿ. ಶನಿವಾರ ಸಂಜೆ ನಾನೇ ಬೀಗ ಹಾಕಿದ್ದು."

ಜಯಕರನಿಗೆ ಅಷ್ಟು ಸಾಕಾಗಿತ್ತು. ಹಾನಿ ಮಾಡುವ ಉದ್ದೇಶದಿಂದ ಮುಚ್ಚಿದ ಬೀರು ತೆರೆದರೂ ಅಪರಾಧವೇ. ಐಪಿಸಿ ೪೬೧ ಮತ್ತು ೪೨೭ರ ಅಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಒಂದೂವರೆಗೆ ಕಾನ್‌ಸ್ಟೆಬಲ್ ಹರಿಪದನೊಂದಿಗೆ ಹೋಗಿ ಪಂಚನಾಮೆ ನಡೆಸಿದ. ಬೀಗ ಒಡೆದಿರಲಿಲ್ಲ. ಬೀರುವಿನ ಇನ್ನೊಂದು ಬೀಗದ ಕೈ ಕಚೇರಿಯ ಗೋಡೆಯ ಮೊಳೆಗೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು. ಪಂಚರ ಎದುರಿಗೆ ಕೃಷ್ಣವೇಣಿ ಒಂದು ಚೂರನ್ನು ದಿಕ್ಸೂಚಿಯ ಬಳಿ ಇಟ್ಟಳು. ಮುಳ್ಳು ತಿರುಗಿತು. ಚೂರನ್ನು ಮಗುಚಿಟ್ಟಳು. ಮುಳ್ಳು ಇನ್ನೊಂದು ಕಡೆಗೆ ತಿರುಗಿತು.

"ಶನಿವಾರ ಇದು ಅಲ್ಲಾಡ್ತಾನೇ ಇರಲಿಲ್ಲ. ಕೈಯಲ್ಲಿ ಹಿಡಿಯೋ ಆಯಸ್ಕಾಂತದಿಂದ ಇಷ್ಟೆಲ್ಲ ಆಗಲ್ಲ ಸಾರ್. ಪಕ್ಕದ ಕೋಣೇಲಿ ಕರೆಂಟಿನ ದೊಡ್ಡ ಆಯಸ್ಕಾಂತ ಇದೆ. ಅದರಿಂದಾನೇ ಆಗಿರೋದು."

ಬಾಗಿಲ ಕಾವಲಿನ ರಾಮಕೃಷ್ಣ ಓಝಾ ರಿಜಿಸ್ಟರ್ ತಂದ. ಶನಿವಾರ ರಾತ್ರಿ ಯಾರೂ ಬಂದಿರಲಿಲ್ಲ; ಭಾನುವಾರ ಬಂದವರು ಮೂವರು. ಮೆಕ್ಯಾನಿಕ್ ನಿತಾಯ್ ಒಂಬತ್ತೂವರೆಗೆ ಬಂದು ಹನ್ನೊಂದೂಮುಕ್ಕಾಲಿಗೆ ಹೋಗಿದ್ದ. ವಿದ್ಯಾರ್ಥಿ ತಪನ್ ಹತ್ತರಿಂದ ಹನ್ನೆರಡೂ ಇಪ್ಪತ್ತರವರೆಗೆ ಇದ್ದ. ವಿಭಾಗದ ಮುಖ್ಯಸ್ಥ ಡಾ. ಶ್ಯಾಮಸುಂದರ ಲಾಹಿರಿ ಒಂದು ಗಂಟೆಗೆ ಬಂದಿದ್ದರು. ಕೃಷ್ಣವೇಣಿಯ ಹೆಸರಿರಲಿಲ್ಲ.

"ನಿನ್ನೆ ಈ ಬೀದಿಯಲ್ಲಿ ಲೋಡ್‌ಶೆಡ್ಡಿಂಗ್ ಎಷ್ಟೊತ್ತಿತ್ತು? ವಿದ್ಯುತ್ ಕಚೇರಿಯಲ್ಲಿ ಬರೆಸಿಕೊಂಡು ಬಾ," ಎಂದು ಜಯಕರ ಹರಿಪದನನ್ನು ಕಳಿಸಿದ.

ಸಂಜೆ ಐದಕ್ಕೆ ಉತ್ತರ ಬಂತು. ಬೆಳಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಹನ್ನೆರಡೂ ಐವತ್ತರವರೆಗೆ ಕರೆಂಟಿರಲಿಲ್ಲ. ಆ ಕರೆಂಟಿನ ಆಯಸ್ಕಾಂತಕ್ಕೆ ಜನರೇಟರ್ ಸಂಪರ್ಕವೂ ಇಲ್ಲ. ನಿತಾಯ್, ತಪನ್ ಇಬ್ಬರ ಹೆಸರನ್ನೂ ಹೊಡೆದುಹಾಕಿ ಜಯಕರ ರಿಜಿಸ್ಟರನ್ನು ಮತ್ತೆ ಬಿಡಿಸಿದ. ಬಂದವರು ತಮ್ಮ ವಾಚು ನೋಡಿ ಹೊತ್ತು ಬರೆಯಬೇಕು, ಪಕ್ಕದಲ್ಲಿ ಓಝಾ ಗೋಡೆ ಗಡಿಯಾರ ನೋಡಿ ಬರೆಯಬೇಕು; ಅದು ಅಲ್ಲಿನ ಪದ್ಧತಿ. ಲಾಹಿರಿ ಒಳಗೆ ಹೋದಾಗ ಇಬ್ಬರೂ ಒಂದು ಗಂಟೆ ಎಂದೇ ಬರೆದಿದ್ದರು. ಹೊರಬಂದಾಗ ಓಝಾನದು ಮೂರೂ ಐದು, ಲಾಹಿರಿಯವರದು ಮೂರೂ ಇಪ್ಪತ್ತು.

ಜಯಕರ ಅಲ್ಲಿಗೇ ಬೆರಳಿಟ್ಟು ಕೂತ. ಒಮ್ಮೆ ಪೂಜೆಯ ಪೆಂಡಾಲಿನಲ್ಲಿ ದೊಡ್ಡ ಲೌಡ್‌ಸ್ಪೀಕರಿಗೆ ಒರಗಿ ಬಂದೋಬಸ್ತ್ ಮಾಡಿದ ಮೇಲೆ ಅವನ ವಾಚೂ ಹೀಗೇ ಹುಚ್ಚು ಹಿಡಿದಂತೆ ಓಡಿತ್ತು. ಆಯಸ್ಕಾಂತ ತಗುಲಿದರೆ ಒಳಗಿನ ಸ್ಪ್ರಿಂಗ್ ಅಂಟಿಕೊಂಡು ವಾಚು ಮುಂದೆ ಹೋಗುತ್ತದೆ ಎಂದು ಗರಿಯಾಹಾಟಿನ ರಿಪೇರಿಯವನು ಹೇಳಿದ್ದ.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಠಾಣೆಯಲ್ಲಿ ಲಾಹಿರಿಯವರ ವಿಚಾರಣೆ. ಮಾತು ಬಂಗಾಳಿಯಲ್ಲಿ ನಡೆಯಿತು.

"ನಿಮ್ಮ ವಾಚಿನಲ್ಲಿ ಗಂಟೆ ಎಷ್ಟು ಸಾರ್?"

"ಹತ್ತೂಕಾಲು."

"ಯಾವಾಗ ಸರಿಮಾಡಿದ್ದು?"

"ಇವತ್ತು ಎಂಟಕ್ಕೆ, ರೇಡಿಯೋ ಕೇಳಿ."

"ಈಗ ಹತ್ತು ಗಂಟೆ. ಭಾನುವಾರ ಆ ದೊಡ್ಡ ಆಯಸ್ಕಾಂತದ ಕೋಣೆಗೆ ಹೋಗಿದ್ರಾ?"

"ಇಲ್ಲ. ನನ್ನ ಮೇಜಿನ ಹತ್ತಿರವೇ ಇದ್ದೆ."

"ವಾಚು ಸ್ವಲ್ಪ ಕೊಡಿ."

ಜಯಕರ ಅದನ್ನು ಸಂಶೋಧನಾಲಯದಿಂದ ತಂದಿದ್ದ ದಿಕ್ಸೂಚಿಯ ಗಾಜಿನ ಮೇಲೆ ಇಟ್ಟ. ಮುಳ್ಳು ನಡುಗತೊಡಗಿತು. ಲಾಹಿರಿ ಅದನ್ನೇ ನೋಡಿದರು. ಮೂವತ್ತು ವರ್ಷ ಇಂಥ ಮುಳ್ಳುಗಳ ಜೊತೆಗೇ ಕಳೆದವರಿಗೆ ಬೇರೆ ಯಾರೂ ಅರ್ಥ ಹೇಳಬೇಕಿರಲಿಲ್ಲ.

"ಬರೆದುಕೊಳ್ಳಿ," ಎಂದರು. "ನಾನೇ ಮಾಡಿದ್ದು."

ವಾಚನ್ನು ಜಪ್ತಿ ಮಾಡಲಾಯಿತು. ಹನ್ನೆರಡೂ ಇಪ್ಪತ್ತಕ್ಕೆ ದಸ್ತಗಿರಿ. ಎಫ್‌ಐಆರ್ ಮತ್ತು ದಸ್ತಗಿರಿಯ ಪ್ರತಿಗಳನ್ನು ಹರಿಪದ ಎರಡು ಗಂಟೆಗೆ ಸಂಶೋಧನಾಲಯಕ್ಕೆ ಮುಟ್ಟಿಸಿದ. ಪರೀಕ್ಷಕರು ಓದಿ, ಕೃಷ್ಣವೇಣಿ ಏನೂ ಬರೆದುಕೊಡಬೇಕಿಲ್ಲ ಎಂದರು. ಅವಳ ಶನಿವಾರದವರೆಗಿನ ಅಳತೆಪುಸ್ತಕವನ್ನು ತರಿಸಿಕೊಂಡು, ಅದರ ಆಧಾರದ ಮೇಲೆಯೇ ವರದಿ ಕಳಿಸಲು ಒಪ್ಪಿದರು. ಅವಳು ಠಾಣೆಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಸರಿ, ಊಟ ಮಾಡಿ ಮೊದಲು," ಎಂದ ಜಯಕರ.

ಬುಧವಾರ ಅಲಿಪುರದ ಕೋರ್ಟಿನ ವರಾಂಡದಲ್ಲಿ ಜಾಮೀನಿಗೆ ಕಾಯುತ್ತ ಲಾಹಿರಿ ತಾವಾಗಿಯೇ ಜಯಕರನೊಂದಿಗೆ ಮಾತಿಗೆ ತೊಡಗಿದರು.

ಏಳು ವರ್ಷದ ಹಿಂದೆ ಪುರುಲಿಯಾದ ಗದ್ದೆಯೊಂದರಲ್ಲಿ ಆ ಉಲ್ಕೆ ಸಿಕ್ಕಿದ್ದು ಅವರಿಗೇ. ಉಲ್ಕೆಯೋ ಅಲ್ಲವೋ ನೋಡೋಣವೆಂದು ಕಿಸೆಯಲ್ಲಿದ್ದ ಆಯಸ್ಕಾಂತ ಮುಟ್ಟಿಸಿದ್ದರು. ಟಕ್ಕನೆ ಅಂಟಿಕೊಂಡಿತ್ತು. ಆ ಹೊರಮೈಯನ್ನೇ ಅಳೆದು, ಹುಟ್ಟಿದ ಕಾಲದಲ್ಲಿ ಅದರ ಸುತ್ತ ಭಾರಿ ಕಾಂತಕ್ಷೇತ್ರವಿತ್ತೆಂದು ಪ್ರಕಟಿಸಿದರು. ತಾವು ಅಳೆದದ್ದು ಆ ಕಿಸೆಯ ಆಯಸ್ಕಾಂತವನ್ನು ಎಂದು ಮರುವರ್ಷ ಹೊಳೆದಿತ್ತು. ಈಗ ಕೃಷ್ಣವೇಣಿ ಕಲ್ಲಿನ ಗರ್ಭದಿಂದ ಚೂರು ತೆಗೆದು, ಆ ಕ್ಷೇತ್ರ ತೀರ ದುರ್ಬಲವಾಗಿತ್ತೆಂದು ಕಂಡುಹಿಡಿದಿದ್ದಳು. ಅದು ಪರೀಕ್ಷಕರ ಮುಂದೆ ಸಾಬೀತಾದರೆ ಲಾಹಿರಿ ಪ್ರಕಟಿಸಿದ ಸಂಖ್ಯೆ ಸುಳ್ಳಾಗುತ್ತಿತ್ತು.

"ಹೊಳೆದಾಗಲೇ ತಪ್ಪಾಗಿದೆ ಅಂತ ಬರೆಯಬಹುದಿತ್ತಲ್ಲ?"

"ಬರೆದಿದ್ದೆ, ಜಯಕರಬಾಬು. ಕಳಿಸಲಿಲ್ಲ. ಅಷ್ಟರಲ್ಲಿ ಆ ಸಂಖ್ಯೆ ಕಾಲೇಜಿನ ಪುಸ್ತಕಕ್ಕೆ ಸೇರಿತ್ತು. ಅದನ್ನ ಪಾಠ ಮಾಡೋ ದಿನ ಹುಡುಗರು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು."

ಒಳಗಿನಿಂದ ಹೆಸರು ಕೂಗಿದರು. ಲಾಹಿರಿ ಎದ್ದು, ಧೋತಿ ಸರಿಪಡಿಸಿಕೊಂಡು, ನೆಟ್ಟಗೆ ನಡೆದು ಹೋದರು.