ಒಂದು ಗೇಣು ಹಿಂದಕ್ಕೆ

ಪ್ರಾಮಾಣಿಕವಾಗಿ ಸೀಟಿ ಊದಿದರೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಸದಾನಂದನ ಬಳಿ ಉತ್ತರ ಸಿದ್ಧವಿತ್ತು: ಕಣ್ಣಿನ ಔಷಧಿ. ಹೋದ ವರ್ಷ ಔರಂಗಾಬಾದಿನಲ್ಲಿ, ಅಲ್ಲಿನ ತಂಡಕ್ಕೂ ನಾಸಿಕಕ್ಕೂ ನಡೆದ ಬಾಸ್ಕೆಟ್‌ಬಾಲ್ ಫೈನಲ್ಲಿಗೆ ಅವನೇ ರೆಫರಿ. ಔರಂಗಾಬಾದಿನ ಆಟಗಾರನೊಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ ಹಾಕಿದ ಬಾಸ್ಕೆಟ್ಟನ್ನು ಸದಾನಂದ ರದ್ದು ಮಾಡಿದ್ದ. ಅಷ್ಟಾದರೂ ಗೆದ್ದದ್ದು ಅವರೇ. ಆಮೇಲೆ ಅವರ ತಂಡದ ಮ್ಯಾನೇಜರ್ ಗುರುಲಿಂಗಪ್ಪ, ಬೀದರ ಕಡೆಯಿಂದ ಬಂದು ಔರಂಗಾಬಾದಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಆಸಾಮಿ, ಸದಾನಂದನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಕಾಯಿಯ ಮೇಲೆ ಕಣ್ಣಿನ ಔಷಧಿಯ ಪುಟ್ಟ ಸೀಸೆ ಇಟ್ಟ.

“ಸಾಹೇಬ್ರ, ದಿನಾ ಎರಡ್ ಹನಿ ಹಾಕ್ಕೋರಿ. ಮುಂದಿನ ವರ್ಷ ನಮ್ಮ ಬಾಸ್ಕೆಟ್ ಕಾಣಸ್ತದ.”

ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಸದಾನಂದನೂ ನಕ್ಕ. ಹಲ್ಲು ಕಿರಿದು ಕೈಮುಗಿದು ಆ ಸೀಸೆಯನ್ನು ಜೇಬಿಗೂ ಹಾಕಿಕೊಂಡ. ಗುರುಲಿಂಗಪ್ಪನನ್ನಾದರೂ ಕ್ಷಮಿಸಬಹುದು, ತನ್ನ ಆ ನಗುವನ್ನು ಮಾತ್ರ ಅವನಿಗೆ ಇಂದಿಗೂ ಕ್ಷಮಿಸಲು ಆಗಿರಲಿಲ್ಲ.

ಸುದ್ದಿ ಎಸ್‌ಟಿ ಬಸ್ಸಿಗಿಂತ ಮೊದಲೇ ನಾಸಿಕಕ್ಕೆ ಬಂದು ಮುಟ್ಟಿತು. ಪಂಚವಟಿಯಲ್ಲಿದ್ದ ಅವನ ಹೋಟೆಲಿಗೆ ಇಡ್ಲಿ ತಿನ್ನಲು ಬಂದವರು ‘ಆಂಧಳಾ ಪಂಚ’ ಎಂದು ಪಿಸುಗುಟ್ಟತೊಡಗಿದರು. ಎಂದರೆ ಮರಾಠಿಯಲ್ಲಿ ಕುರುಡು ರೆಫರಿ! ಸ್ವಂತ ಭಾವಮೈದುನ ಮುದ್ದಣ್ಣನ ಬಾಸ್ಕೆಟ್ಟನ್ನೇ ರದ್ದು ಮಾಡಿ, ಆ ಮನೆಯ ಚೌತಿಯ ಊಟ ಕಳೆದುಕೊಂಡ ಮನುಷ್ಯ ಅವನು. ರಾಜ್ಯದ ರೆಫರಿ ಪಟ್ಟಿಗೆ ಸೇರಿ ಎದೆಯ ಮೇಲೆ ಆ ನೀಲಿ ಬ್ಯಾಡ್ಜು ಹಚ್ಚಿಕೊಳ್ಳಬೇಕೆಂಬುದೊಂದೇ ಅವನ ಆಸೆ. ಈಗ ಬ್ಯಾಡ್ಜು ಹಾಳಾಗಲಿ, ಬಿಲ್ ಕೊಡುವಾಗ ಗಿರಾಕಿಗಳು ನೋಟನ್ನು ಅವನ ಮೂಗಿನ ಹತ್ತಿರ ಹಿಡಿದು ‘ಕಾಣುತ್ತದೆಯೇ?’ ಎನ್ನುತ್ತಿದ್ದರು.

ಅದರ ಮೇಲೆ ಈ ವರ್ಷ ಹೊಸ ನಿಯಮ ಬಂತು. ಬಾಸ್ಕೆಟ್ಟಿಗೆ ಚೆಂಡೆಸೆಯುವವನನ್ನು ತಳ್ಳಿದರೆ ಅವನಿಗೆ ಎರಡು ಫ್ರೀ ಥ್ರೋ. ಅದರಲ್ಲಿ ಒಂದಾದರೂ ತಪ್ಪಿದರೆ ಮೂರನೆಯ ಅವಕಾಶವೂ ಉಂಟು. ಫ್ರೀ ಥ್ರೋ ಎಂದರೆ ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ, ನಿಧಾನವಾಗಿ ಚೆಂಡು ಹಾಕುವುದು. ಸದಾನಂದ ಮೊದಲು ಒಳ್ಳೆಯ ನಿಯಮವೆಂದು ತಲೆದೂಗಿದ. ಆಮೇಲೆ ನೆನಪಾದವನು ಗುರುಲಿಂಗಪ್ಪನ ತಂಡದ ವೈಜನಾಥ. ಅವನು ಎತ್ತರವಿಲ್ಲ, ಓಡಲಾರ, ಎದುರಾಳಿಯ ಉಸಿರು ತಾಗಿದರೂ ದೊಪ್ಪನೆ ಬೀಳುತ್ತಾನೆ. ಬಿದ್ದು ಎದ್ದು, ಗೆರೆಯ ಮೇಲೆ ನಿಂತು, ಕಣ್ಣು ಮುಚ್ಚಿ ಎಸೆದರೆ ಮಾತ್ರ ಚೆಂಡು ಬಳೆಗೂ ತಾಗದೆ ಒಳಗಿಳಿಯುತ್ತದೆ. ಇನ್ನು ಅವನು ಬಿದ್ದಾಗಲೆಲ್ಲ ಸೀಟಿ ಊದಿ, ಬಾ ಅಪ್ಪಾ ಹಾಕು ಎಂದು ಕರೆಯಬೇಕಾದವನು ಸದಾನಂದನೇ. ಈ ಸಲದ ಫೈನಲ್ ನಾಸಿಕದಲ್ಲಿ, ಅದೇ ಎರಡು ತಂಡ, ಅದೇ ಕುರುಡು ರೆಫರಿ.

ಸೇಡು ತೀರಿಸಲೇಬೇಕು, ಆದರೆ ಸುಳ್ಳು ಸೀಟಿ ಊದುವುದು ಮೂರ್ಖರ ಕೆಲಸ. ಸೀಟಿ ಊರಿಗೆಲ್ಲ ಕೇಳಿಸುತ್ತದೆ. ಗೆರೆ ಯಾರಿಗೂ ಕೇಳಿಸುವುದಿಲ್ಲ. ವೈಜನಾಥನ ಕೈಗೆ ಆ ದೂರ ಬಾಯಿಪಾಠವಾಗಿದೆ; ಗೆರೆಯನ್ನು ಒಂದೇ ಒಂದು ಗೇಣು ಹಿಂದಕ್ಕೆ ಸರಿಸಿದರೆ ಅವನ ಚೆಂಡೆಲ್ಲ ಬಳೆಯ ಮೂತಿಗೆ ಬಡಿದು ವಾಪಸು ಬರುತ್ತದೆ. ನಾಸಿಕದವರಿಗೆ ತೊಂದರೆಯಾಗುವುದಿಲ್ಲವೇ? ಇಲ್ಲ. ನಾಸಿಕದ ತಂಡದ ಹುಡುಗರು ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಯನ್ನು ಕೂದಲೆಳೆಯ ಲೆಕ್ಕದಲ್ಲಿ ಜೋಡಿಸುವವರು, ಆದರೆ ಫ್ರೀ ಥ್ರೋ ಗೆರೆ ಎಲ್ಲಿದ್ದರೂ ಅವರ ಚೆಂಡು ಹೊರಗೇ. ಹಾಗಾಗಿ ಎರಡೂ ಕಡೆಯ ಗೆರೆಗಳನ್ನು ಸರಿಸಿದರಾಯಿತು. ಎರಡೂ ತಂಡಕ್ಕೆ ಒಂದೇ ದೂರ! ಇಷ್ಟು ನಿಷ್ಪಕ್ಷಪಾತವಾದ ಅನ್ಯಾಯವನ್ನು ತನ್ನಂಥ ಪ್ರಾಮಾಣಿಕನಲ್ಲದೆ ಬೇರೆ ಯಾರೂ ಯೋಚಿಸಲಾರರು ಎಂದು ಸದಾನಂದನಿಗೆ ಹೆಮ್ಮೆಯಾಯಿತು.

ತೊಡಕು ಒಂದೇ. ಗುರುಲಿಂಗಪ್ಪ ಹೆಂಡತಿಯ ಮಾತನ್ನೂ ತಕ್ಕಡಿಯಲ್ಲಿಟ್ಟು ನಂಬುವವನು. ಫೈನಲ್ ದಿನ ಬೆಳಿಗ್ಗೆ ಟೇಪು ಹಿಡಿದು ಅಂಕಣದ ಒಂದೊಂದು ಗೆರೆಯನ್ನೂ ಅಳೆಯುತ್ತಾನೆ. ಅಳೆದ ಮೇಲೆ, ಗೆರೆ ಎಳೆದು ಉಳಿದ ಸುಣ್ಣದ ಚೀಲವನ್ನು ತನ್ನ ಜೀಪಿಗೆ ಹಾಕಿ ಬೀಗ ಜಡಿಯುತ್ತಾನೆ. ಅಳೆಯಲಿ. ಅಳೆದ ಮೇಲೆ ಎರಡೂ ತಂಡಗಳಿಗೆ ಊಟ ಸದಾನಂದನ ಹೋಟೆಲಿನಲ್ಲಿ, ಅದು ನಾಸಿಕದ ಫೈನಲ್ಲಿನ ವಾಡಿಕೆ. ಆ ಹೊತ್ತಿನ ಬಿಸಿಲಿಗೆ ಮೈದಾನದಲ್ಲಿ ನಾಯಿಯೂ ಇರುವುದಿಲ್ಲ. ಆದರೆ ಸುಣ್ಣ? ಪೇಟೆಯಲ್ಲಿ ಕೊಂಡರೆ ಅಂಗಡಿಯವನೊಬ್ಬ ಸಾಕ್ಷಿಯಾದ ಹಾಗೆ.

ಉತ್ತರ ಸಿಕ್ಕಿದ್ದು ಅವನ ಹೋಟೆಲಿನ ಬಾಗಿಲಲ್ಲೇ. ಹೆಂಡತಿ ಕುಸುಮಾವತಿ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಳು. ಬೀದಿಯ ಬೇರೆ ಹೆಂಗಸರೆಲ್ಲ ಅಂಗಡಿಯ ಕಲ್ಲುಪುಡಿಯಲ್ಲಿ ಹಾಕಿದರೆ ಇವಳದು ಇಂದಿಗೂ ಕರಾವಳಿಯ ತಮ್ಮ ಊರಿನ ಹಾಗೆ ಅಕ್ಕಿಹಿಟ್ಟು. ಸದಾನಂದ ದಿನವೂ ಅದಕ್ಕೆ ಗೊಣಗುವವನು, ಅಂದು ಬಗ್ಗಿ ನೋಡಿದ. ಎಂಥ ಬಿಳುಪು! ಸುಣ್ಣಕ್ಕೂ ಇದಕ್ಕೂ ಏನು ವ್ಯತ್ಯಾಸ?

“ಏನು ಅಷ್ಟು ನೋಡುವುದು ಮಾರಾಯ್ರೆ? ಹಿಟ್ಟು ಹಾಳಾಯ್ತು ಅಂತ ಇವತ್ತು ಬೈಯುವುದಿಲ್ವಾ?”

“ಇಲ್ಲ ಮಾರಾಯ್ತಿ, ಚಂದ ಉಂಟು. ಹಿಟ್ಟಿನಲ್ಲೇ ಹಾಕು.”

“ಕಲ್ಲುಪುಡಿಯಲ್ಲಿ ಹಾಕಿದ್ರೆ ಏನು ಬಂತು? ನಮ್ಮ ಅಮ್ಮ ಹೇಳುವುದು ಕೇಳಿದ್ರೆ—” ಎಂದು ಅವಳು ಏನೋ ಹೇಳತೊಡಗಿದಳು. ಈ ಭಾಷಣ ಮದುವೆಯಾದಂದಿನಿಂದ ನಡೆದಿತ್ತು. ಸದಾನಂದ ಅದನ್ನು ಒಮ್ಮೆಯೂ ಪೂರ್ತಿ ಕೇಳಿದವನಲ್ಲ, ಅಂದೂ ಒಳಗೆ ಹೋದ. ಅಡುಗೆಮನೆಯಲ್ಲಿ ಬೀಸಿಟ್ಟ ಅಕ್ಕಿಹಿಟ್ಟು ಡಬ್ಬಿ ಡಬ್ಬಿ ತುಂಬಿತ್ತು.

ಫೈನಲ್ ದಿನ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಗುರುಲಿಂಗಪ್ಪ ಅಳೆದು, ಸರಿಯೆಂದು ಒಪ್ಪಿ, ಸುಣ್ಣದ ಚೀಲ ಜೀಪಿಗೆ ಹಾಕಿದ. “ಬೀಗ ಗಟ್ಟಿಯಾಗಿ ಹಾಕಿ, ಆಮೇಲೆ ಮಾತು ಬರಬಾರದು,” ಎಂದು ಸದಾನಂದನೇ ನಾಲ್ಕು ಜನರೆದುರು ಹೇಳಿದ. ಆ ಮಾತು ಹೇಳುವಾಗ ತನ್ನ ಬುದ್ಧಿಗೆ ತಾನೇ ಶಾಲು ಹೊದಿಸಬೇಕೆನಿಸಿತು.

ಊಟಕ್ಕೆ ಹೋಳಿಗೆ ಮಾಡಿಸಿದ್ದ. ಬೀದರದವರಿಗೆ ಹೋಳಿಗೆಯ ಮೇಲೆ ತುಪ್ಪ ಸುರಿದರೆ ಅವರು ಎದ್ದು ಓಡಾಡುವುದಿಲ್ಲವೆಂಬುದು ಅವನ ಲೆಕ್ಕ. ಎರಡನೆಯ ಸುತ್ತು ಬಡಿಸುವ ಹೊತ್ತಿಗೆ ಹಿಟ್ಟಿನ ಡಬ್ಬಿಯೊಂದನ್ನು ಹಿಡಿದು ಹಿಂಬಾಗಿಲಿಂದ ಸೈಕಲ್ ಹತ್ತಿದ. ಮೈದಾನ ಖಾಲಿ. ಫ್ರೀ ಥ್ರೋದ ಹಳೆಯ ಗೆರೆಗಳನ್ನು ಪೊರಕೆಯಿಂದ ಗುಡಿಸಿ, ಮೇಲೆ ಮಣ್ಣು ಚೆಲ್ಲಿ ಮೆಟ್ಟಿದ. ಒಂದು ಗೇಣು ಹಿಂದೆ, ಹಗ್ಗ ಕಟ್ಟಿ, ಎರಡೂ ಕಡೆ ಹೊಸ ಗೆರೆ ಎಳೆದ. ಗೆರೆಯ ಸುತ್ತ ವೃತ್ತ ಎಳೆಯುವ ಶಿಸ್ತು ಈ ಮಣ್ಣಿನ ಅಂಕಣಕ್ಕೆ ಎಂದೂ ಇರಲಿಲ್ಲವಾದ್ದರಿಂದ ಕೆಲಸ ಹಗುರಾಯಿತು. ಮಜ್ಜಿಗೆಯ ಹೊತ್ತಿಗೆ ಸದಾನಂದ ಮತ್ತೆ ಪಂಕ್ತಿಯಲ್ಲಿದ್ದ, ಗುರುಲಿಂಗಪ್ಪನ ಲೋಟಕ್ಕೆ ತಾನೇ ಬಡಿಸಿದ.

ಆಟ ಶುರುವಾಗುತ್ತಲೇ ವೈಜನಾಥ ಬಿದ್ದ. ಸದಾನಂದ ನಿಯಮದ ಪ್ರಕಾರ ಸೀಟಿ ಊದಿದ. ವೈಜನಾಥ ಗೆರೆಗೆ ಬಂದು, ಕಣ್ಣು ಮುಚ್ಚಿ, ಎಸೆದ. ಟಣ್! ಬಳೆಯ ಮೂತಿ. ಎರಡನೆಯದೂ ಟಣ್. ಹೊಸ ನಿಯಮದ ಮೂರನೆಯ ಅವಕಾಶ ಕೊಟ್ಟವನು ಸದಾನಂದನೇ, ಅದೂ ಬಹಳ ಉದಾರವಾಗಿ ಕೈ ಎತ್ತಿ. ಅದೂ ಟಣ್. ಮತ್ತೆ ಮತ್ತೆ ಅದೇ. ವೈಜನಾಥ ತನ್ನ ಅಂಗೈಗಳನ್ನು ಅವು ಬೇರೆ ಯಾರವೋ ಎಂಬಂತೆ ತಿರುಗಿಸಿ ನೋಡಿಕೊಂಡ. ಅವನ ಕಣ್ಣಲ್ಲಿ ನೀರು ಬಂದಿತ್ತು. ಸದಾನಂದನಿಗೆ ಛೇ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ರೇಗಿತು. ಕಳ್ಳನಾಗಲು ಹೊರಟವನಿಗೆ ಕರುಳು ಯಾಕೆ?

ಅರ್ಧ ಆಟ ಮುಗಿದಾಗ ನಾಸಿಕ ಮುಂದಿತ್ತು. ಗುರುಲಿಂಗಪ್ಪ ನೇರವಾಗಿ ಸದಾನಂದನ ಬಳಿ ಬಂದ. ಸಿಕ್ಕಿಬಿದ್ದೆ ಎಂದುಕೊಂಡ ಸದಾನಂದ.

“ಸಾಹೇಬ್ರ, ಒಂದ್ ಮಾತ್ ಹೇಳ್ಲೇನ್ರಿ? ನಮ್ ಹುಡ್ಗ ಬಿದ್ದಾಗೆಲ್ಲ ನೀವು ಸೀಟಿ ಊದೀರಿ. ನಿಮ್ಮೂರಿನ ಮಂದಿ ಬೈಲಿಕತ್ತಿದ್ರೂ ಊದೀರಿ. ಚೆಂಡು ಹಾಕ್ಲಾರದ್ದು ಅವನ ಹಣೆಬರಹ.” ಅವನು ದನಿ ತಗ್ಗಿಸಿದ. “ಹೋದ್ ವರ್ಷ ಆ ಸೀಸೆ ಕೊಟ್ಟದ್ದು ನನ್ ತಪ್ಪದ. ನಕ್ಕೋತ ಮಾಡಿದೆ, ಆದ್ರ ನಿಮಗ ಚುಚ್ಚ್ಯದ ಅಂತ ಗೊತ್ತದ. ಮನಸ್ನ್ಯಾಗ ಇಟ್ಕೋಬ್ಯಾಡ್ರಿ. ಮುಂದಿನ ಸಭಾದಾಗ ರಾಜ್ಯದ ಪಟ್ಟಿಗ ನಿಮ್ಮ ಹೆಸರು ನಾನೇ ಹೇಳವ.”

“ಅಯ್ಯೋ, ಅದೆಲ್ಲ ಯಾಕೆ ಈಗ,” ಎಂದ ಸದಾನಂದ. ಬ್ಯಾಡ್ಜು! ಬರಿದೇ ಇನ್ನೊಂದಿಷ್ಟು ಹೊತ್ತು ಪ್ರಾಮಾಣಿಕನಾಗಿ ಇದ್ದಿದ್ದರೆ ಸಾಕಿತ್ತು. ಸಾವಿರ ಜನ ಸುತ್ತ ಕೂತಿದ್ದಾರೆ, ಗೆರೆಯನ್ನು ಈಗ ಮುಂದಕ್ಕೆ ತರುವ ಹಾಗೂ ಇಲ್ಲ. ಇರಲಿ, ಯಾರಿಗೆ ಗೊತ್ತಾಗುತ್ತದೆ? ಗೆದ್ದದ್ದೂ ಆಯಿತು, ಬ್ಯಾಡ್ಜೂ ಬಂತು. ಇದು ಕೊನೆಯ ಸಲ, ಇನ್ನು ಜನ್ಮವಿಡೀ ನೆಟ್ಟಗಿರುತ್ತೇನೆ ಎಂದು ಗೋದಾವರಿಯ ದಿಕ್ಕಿಗೆ ಮನಸ್ಸಿನಲ್ಲೇ ಕೈಮುಗಿದು ಸೀಟಿ ಬಾಯಿಗಿಟ್ಟುಕೊಂಡ.

ಉತ್ತರಾರ್ಧದಲ್ಲಿ ವೈಜನಾಥ ಮತ್ತೆ ಬಿದ್ದ, ಸದಾನಂದ ಮತ್ತೆ ಕರೆದ. ವೈಜನಾಥ ಗೆರೆಗೆ ಬಂದು ನಿಂತವನು ಕಣ್ಣು ಮುಚ್ಚುವ ಬದಲು ಕಾಲು ಝಾಡಿಸಿದ, ಚೆಂಡು ಬಿಟ್ಟು ಮೊಣಕಾಲು ಕೆರೆದುಕೊಂಡು ಕುಣಿಯತೊಡಗಿದ. “ಮುಂಗ್ಯಾ! ಮುಂಗ್ಯಾ!” ಎಂದು ಮರಾಠಿಯಲ್ಲಿ ಕೂಗಿದ. ಇರುವೆ! ಗುರುಲಿಂಗಪ್ಪ ಓಡಿ ಬಂದು ಬಗ್ಗಿದ. ಅಂಕಣದ ಗೆರೆಗಳೆಲ್ಲ ಬೆಳಿಗ್ಗೆಯಷ್ಟೇ ಬೆಳ್ಳಗಿದ್ದವು. ಈ ಒಂದು ಗೆರೆ ಮಾತ್ರ ಕಪ್ಪಗಾಗಿ ಹರಿದಾಡುತ್ತಿತ್ತು. ಅವನು ತಲೆಯೆತ್ತಿ ಆಚೆ ಕಡೆಯ ಫ್ರೀ ಥ್ರೋ ಗೆರೆಯನ್ನೂ ನೋಡಿದ; ಅದೂ ಕಪ್ಪು. ಚಿಟಿಕೆಯಷ್ಟು ಎತ್ತಿ, ಇರುವೆ ಊದಿ, ನಾಲಿಗೆಗೆ ಹಚ್ಚಿಕೊಂಡ. “ಸುಣ್ಣಕ್ಕ ಇರವಿ ಹತ್ತಂಗಿಲ್ರಿ, ಸಾಹೇಬ್ರ,” ಎಂದು ಬಹಳ ಮೆಲ್ಲಗೆ ಹೇಳಿ, ಜೇಬಿನಿಂದ ಟೇಪು ತೆಗೆದ. ಹೆಂಗಸರ ಸಾಲಿನಲ್ಲಿ ಕೂತಿದ್ದ ಕುಸುಮಾವತಿ ಆ ಗೆರೆಯನ್ನು ನೋಡಿ, ಗಂಡನನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮದುವೆಯಾದಂದಿನಿಂದ ಅವಳು ದಿನಾ ಬೆಳಿಗ್ಗೆ ಹೇಳುತ್ತಿದ್ದ, ಅವನು ಒಂದು ದಿನವೂ ಕೊನೆಯವರೆಗೆ ಕೇಳಿರದ ಆ ಮಾತು ಸದಾನಂದನಿಗೆ ಈಗ ಪೂರ್ತಿಯಾಗಿ ಕೇಳಿಸಿತು: ಕಲ್ಲುಪುಡಿಯಲ್ಲಿ ಹಾಕಿದ್ರೆ ಏನು ಬಂತು, ಅಕ್ಕಿಹಿಟ್ಟಿನಲ್ಲೇ ಹಾಕಬೇಕು ಮಾರಾಯ್ರೆ, ರಂಗೋಲಿ ಹಾಕುವುದೇ ಇರುವೆಗಳು ಬಂದು ತಿನ್ನಲಿ ಅಂತ.